ಮಗಳು ಈ ವರ್ಷ ಮೂರನೇ ಕ್ಲಾಸ್, ಬೇಸಿಗೆ ರಜೇಲಿ ಏನು ಮಾಡಿಸ್ಬೇಕು? ಗೊತ್ತಿರೋರು ಹೇಳಿ

ಶಿವಮೊಗ್ಗ ಅಮ್ಮ

ಎಲ್ರಿಗೂ ನಮಸ್ಕಾರ. ಮಗಳು ಎರಡನೇ ಕ್ಲಾಸ್ ಮುಗಿಸಿದ್ಲು, ಜೂನ್‌ಗೆ ಮೂರನೇ ಕ್ಲಾಸ್. ಸ್ಟೇಟ್ ಸಿಲಬಸ್, ಇಂಗ್ಲಿಷ್ ಮೀಡಿಯಂ, ಪ್ರೈವೇಟ್ ಸ್ಕೂಲು. ಮೊನ್ನೆ ರಿಸಲ್ಟ್ ಕೊಡೋ ದಿನ ಮಿಸ್ಸು ನಮ್ಮನ್ನೆಲ್ಲಾ ಕೂರಿಸ್ಕೊಂಡು ಮೂರನೇ ಕ್ಲಾಸಿಂದ ಒಂದೊಂದು ಸಬ್ಜೆಕ್ಟಿಗೆ ಒಬ್ಬೊಬ್ಬ ಟೀಚರ್ ಬರ್ತಾರೆ, ಬೋರ್ಡ್ ನೋಡ್ಕೊಂಡು ಮಕ್ಕಳೇ ಬರ್ಕೋಬೇಕು, ಟೆಸ್ಟಲ್ಲಿ ಪ್ರಶ್ನೆ ಓದಿ ಹೇಳಲ್ಲ, ಈಗಿಂದ್ಲೇ ರೆಡಿ ಮಾಡಿ ಅಂತ ಹೇಳಿ ಕಳಿಸಿದ್ರು. ರೆಡಿ ಮಾಡೋದು ಅಂದ್ರೆ ಏನು ಮಾಡ್ಬೇಕು ಅಂತ ಕೇಳಕ್ಕೆ ಟೈಮೇ ಸಿಗ್ಲಿಲ್ಲ, ಹಿಂದೆ ಇನ್ನೂ ಎಷ್ಟೋ ಜನ ಕಾಯ್ತಾ ಇದ್ರು.

ಅವಳ ವಿಷ್ಯ ಹೇಳ್ತೀನಿ. ಇಂಗ್ಲಿಷ್ ಪಾಠ ಪಟಪಟ ಅಂತ ಓದ್ತಾಳೆ, ಆದ್ರೆ ಪುಸ್ತಕ ಮುಚ್ಚಿ ಏನಿತ್ತು ಅದ್ರಲ್ಲಿ ಅಂದ್ರೆ ಸುಮ್ನೆ ನನ್ನ ಮುಖ ನೋಡ್ತಾಳೆ. ಕನ್ನಡದಲ್ಲಿ ಕಾಗುಣಿತ ಬರುತ್ತೆ, ಒತ್ತಕ್ಷರ ಬಂದ ತಕ್ಷಣ ನಿಲ್ತಾಳೆ. ಲೆಕ್ಕದಲ್ಲಿ ಕೂಡೋದು ಪರವಾಗಿಲ್ಲ, ಕಳೆಯೋದ್ರಲ್ಲಿ ಪಕ್ಕದ ಮನೆಯಿಂದ ಸಾಲ ತಗೊಳ್ಳೋದು ಇರುತ್ತಲ್ಲ ಅಲ್ಲಿ ತಪ್ಪಾಗುತ್ತೆ. ಸ್ಟೇಟ್‌ಮೆಂಟ್ ಸಮ್ ಕೊಟ್ರೆ ಓದೋದೇ ಇಲ್ಲ, "ಅಮ್ಮಾ ಪ್ಲಸ್ಸಾ ಮೈನಸ್ಸಾ" ಅಂತ ಕೇಳ್ತಾಳೆ. ಪಕ್ಕದ ಮನೆಯವ್ರು ಮೂರನೇ ಕ್ಲಾಸಿನ ಗೈಡು, ವರ್ಕ್‌ಬುಕ್ ಎಲ್ಲಾ ತಂದು ಏಪ್ರಿಲ್‌ನಿಂದ್ಲೇ ಟ್ಯೂಷನ್ನಿಗೆ ಹಾಕಿದಾರೆ. ನಮ್ಮತ್ತೆ ರಜೇಲಿ ಮಗೂನ ಬಿಟ್ಬಿಡು, ತೀರ್ಥಹಳ್ಳಿಗೆ ಕಳ್ಸು ಆಡ್ಕೊಂಡಿರ್ಲಿ ಅಂತಾರೆ. ಇವ್ರಿಗೆ ಡ್ಯೂಟಿ ಶಿಫ್ಟಲ್ಲಿರೋದ್ರಿಂದ ಎಲ್ಲಾ ನನ್ನ ಮೇಲೇ. ನಾನು ಟೈಲರಿಂಗ್ ಮಾಡ್ತೀನಿ, ದಿನಕ್ಕೆ ಒಂದು ಗಂಟೆ ಅವಳಿಗೆ ಅಂತ ಕೊಡ್ಬೋದು, ಅದಕ್ಕಿಂತ ಜಾಸ್ತಿ ಕಷ್ಟ. ಆ ಒಂದು ಗಂಟೇಲಿ ಯಾವುದನ್ನ ಮೊದ್ಲು ಹಿಡೀಲಿ? ದಯವಿಟ್ಟು ಅನುಭವ ಇರೋರು ಹೇಳಿ.

ನಲಿಕಲಿ ಮೇಷ್ಟ್ರು

ಮೇಡಂ, ನಾನು ಹಾಸನ ಜಿಲ್ಲೆ ಸರ್ಕಾರಿ ಶಾಲೇಲಿ ಒಂದರಿಂದ ಮೂರನೇ ತರಗತಿ ನಲಿ-ಕಲಿ, ಅಂದ್ರೆ ಮೂರೂ ತರಗತಿ ಮಕ್ಕಳನ್ನ ಒಟ್ಟಿಗೆ ಕೂರಿಸಿ ಚಟುವಟಿಕೆ ಮೂಲಕ ಕಲಿಸೋದು, ಅದನ್ನ ತಗೊಳ್ಳೋನು. ಮೊದ್ಲು ಒಂದು ವಿಷ್ಯ ಹೇಳ್ಬಿಡ್ತೀನಿ, ಮೂರನೇ ಕ್ಲಾಸಿನ ಗೈಡ್ ತರ್ಬೇಡಿ. ಜೂನ್‌ನಲ್ಲಿ ಟೀಚರ್ ಮಾಡೋ ಪಾಠಾನ ಏಪ್ರಿಲ್‌ನಲ್ಲೇ ಬಾಯಿಪಾಠ ಮಾಡ್ಸಿದ್ರೆ ಮಗು ಕ್ಲಾಸಲ್ಲಿ ನಂಗೆ ಗೊತ್ತು ಅಂತ ಕಿವಿ ಮುಚ್ಕೊಂಡು ಕೂರುತ್ತೆ, ನಿಜವಾಗಿ ಗೊತ್ತಿರೋದು ಉತ್ತರ ಮಾತ್ರ. ಈ ಎರಡು ತಿಂಗಳು ಒಂದು ಎರಡನೇ ಕ್ಲಾಸಲ್ಲಿ ಉಳಿದಿರೋದನ್ನ ಗಟ್ಟಿ ಮಾಡಕ್ಕೆ ಇರೋದು.

ಮೂರನೇ ಕ್ಲಾಸ್ ಯಾಕೆ ಇಷ್ಟು ಮುಖ್ಯ ಅಂದ್ರೆ ಇಲ್ಲೀವರೆಗೂ ಮಗು ಓದಕ್ಕೆ ಕಲೀತಾ ಇತ್ತು, ಇನ್ಮೇಲೆ ಓದಿ ಬೇರೆ ವಿಷ್ಯ ಕಲೀಬೇಕು. ಪರಿಸರ ಅಧ್ಯಯನ, ಗಣಿತದ ಪ್ರಶ್ನೆ ಎಲ್ಲಾ ಅದೇ ಓದಿನ ಮೇಲೆ ನಿಂತಿರುತ್ತೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ನಿಪುಣ್ ಭಾರತ್ ಅಂತ ಶುರು ಮಾಡ್ತಲ್ಲ, ಅದ್ರ ಗುರೀನೇ ಮೂರನೇ ತರಗತಿ ಮುಗಿಸೋಷ್ಟ್ರಲ್ಲಿ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕ ಬರ್ಬೇಕು ಅನ್ನೋದು. ಅದ್ರಲ್ಲಿ ಎರಡನೇ ಕ್ಲಾಸ್ ಕೊನೆಗೆ ನಿಮಿಷಕ್ಕೆ 45ರಿಂದ 60 ಪದ, ಮೂರನೇ ಕ್ಲಾಸ್ ಕೊನೆಗೆ ಕಮ್ಮಿ ಅಂದ್ರೂ 60 ಪದ ಅರ್ಥ ಮಾಡ್ಕೊಂಡು ಓದ್ಬೇಕು ಅಂತ ಇಟ್ಟಿದಾರೆ. ನೋಡಿ, ಒಂದು ವರ್ಷದಲ್ಲಿ ಸ್ಪೀಡು ಡಬಲ್ ಆಗ್ಬೇಕು ಅಂತ ಏನೂ ಕೇಳಿಲ್ಲ, ಅರ್ಥ ಆಗ್ಬೇಕು ಅಂತ ಕೇಳಿದಾರೆ. ನಿಮ್ಮ ಮಗಳದ್ದು ಅಲ್ಲೇ ಇರೋದು, ಪಟಪಟ ಬರುತ್ತೆ ಒಳಗೆ ಇಳೀತಿಲ್ಲ. ನೀವೊಬ್ರೇ ಅಂದ್ಕೋಬೇಡಿ. ಹಳ್ಳಿ ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತೆ ಅಂತ ನೋಡೋ ಅಸರ್ ಸಮೀಕ್ಷೆ ಇದೆ, 2024ರ ಆ ಸಮೀಕ್ಷೇಲಿ ದೇಶದ ಹಳ್ಳಿಗಾಡಿನ ಸರ್ಕಾರಿ ಶಾಲೆಗಳಲ್ಲಿ ಮೂರನೇ ಕ್ಲಾಸ್ ಓದ್ತಿರೋ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದಕ್ಕೆ ಬಂದಿದ್ದು ಶೇಕಡಾ 23.4 ಮಕ್ಕಳಿಗೆ ಮಾತ್ರ.

ಏನು ಮಾಡಿ ಅಂದ್ರೆ, ಅವಳು ಇದುವರೆಗೂ ನೋಡದೇ ಇರೋ ಒಂದು ಪುಟ ಕೊಡಿ. ಸ್ಕೂಲ್ ಪುಸ್ತಕದ್ದು ಬೇಡ, ಅದು ಕೇಳಿ ಕೇಳಿ ಬಾಯಿಗೆ ಬಂದಿರುತ್ತೆ. ಓದುವಾಗ ಒಂದು ಪುಟದಲ್ಲಿ ಐದಾರು ಪದಕ್ಕಿಂತ ಜಾಸ್ತಿ ತಡವರಿಸಿದ್ರೆ ಆ ಪುಸ್ತಕ ಅವಳಿಗೆ ಈಗ ಕಷ್ಟ, ಸುಲಭದ್ದು ತಗೊಳ್ಳಿ. ಒಂದು ಪ್ಯಾರಾ ಆದ್ಮೇಲೆ ನಿಲ್ಲಿಸಿ "ಯಾರು ಬಂದ್ರು, ಏನಾಯ್ತು, ಯಾಕೆ ಹಂಗೆ ಮಾಡ್ದ" ಅಂತ ಕೇಳಿ. ಯಾರು, ಏನು ಅನ್ನೋದಕ್ಕೆ ಉತ್ತರ ಪುಸ್ತಕದಲ್ಲೇ ಸಿಗುತ್ತೆ, ಯಾಕೆ ಅನ್ನೋದಕ್ಕೆ ಅವಳು ಯೋಚ್ನೆ ಮಾಡ್ಬೇಕು. ಶುರುವಿನಲ್ಲಿ ಉತ್ತರ ಬರಲ್ಲ. ಬರ್ಲಿಲ್ಲ ಅಂದ್ರೆ ಬೈಬೇಡಿ, ಅದೇ ಪ್ಯಾರಾ ಈ ಸಲ ನೀವು ಓದಿ ಹೇಳಿ. ಅವಳು ಕೇಳಿ ಉತ್ತರ ಹೇಳಿದ್ರೆ ಬುದ್ಧಿಗೇನೂ ತೊಂದ್ರೆ ಇಲ್ಲ, ಅಕ್ಷರ ಬಿಡಿಸೋದ್ರಲ್ಲೇ ಶಕ್ತಿ ಎಲ್ಲಾ ಖರ್ಚಾಗ್ತಿದೆ ಅಂತ ಗೊತ್ತಾಗುತ್ತೆ. ಕೇಳಿದ್ರೂ ಹೇಳ್ಲಿಲ್ಲ ಅಂದ್ರೆ ಆ ಭಾಷೆಯ ಪದಗಳೇ ಗೊತ್ತಿಲ್ಲ ಅಂತ. ಎರಡಕ್ಕೂ ಮಾಡೋ ಕೆಲಸ ಬೇರೆ ಬೇರೆ, ಅದಕ್ಕೇ ಮೊದ್ಲು ಇದನ್ನ ನೋಡ್ಕೊಳ್ಳಿ.

ಒತ್ತಕ್ಷರಕ್ಕೆ ಬರ್ತೀನಿ. ಎಲ್ಲಾ ಒಟ್ಟಿಗೆ ಬರೆಸ್ಬೇಡಿ. ಮುಕ್ಕಾಲುಪಾಲು ಒತ್ತು ಅದೇ ಅಕ್ಷರ ತಲೆಕಟ್ಟು ಬಿಟ್ಟು ಕೆಳಗೆ ಕೂತ ಹಾಗಿರುತ್ತೆ, ಮಕ್ಕಳು ಗುರುತು ಹಿಡೀತಾರೆ. ತ, ನ, ಮ, ಯ, ರ, ಲ ಇವಕ್ಕೆ ಮಾತ್ರ ಒತ್ತಿನ ರೂಪಾನೇ ಬೇರೆ, ಮಕ್ಕಳು ಮುಗ್ಗರಿಸೋದು ಇಲ್ಲೇ. ಮೊದ್ಲು ಅಕ್ಕ, ಹಗ್ಗ, ಬಟ್ಟೆ, ಕಪ್ಪು ತರದ್ದು, ಆಮೇಲೆ ಅತ್ತೆ, ಅನ್ನ, ಅಮ್ಮ, ಬೆಲ್ಲ, ಇದು ಗಟ್ಟಿಯಾದ್ಮೇಲೆ ಪುಸ್ತಕ, ರಾತ್ರಿ, ಚಂದ್ರ, ಅಗ್ನಿ, ವಾಕ್ಯ. ಕೊನೆಗೆ ಅರ್ಕಾವತ್ತು, ಸೂರ್ಯ, ವರ್ಷ, ಅರ್ಧ ಇಂಥವು. ಅದ್ರಲ್ಲಿ ಗುರುತು ಬರೆಯೋದು ಅಕ್ಷರ ಆದ್ಮೇಲೆ, ಓದೋದು ಅಕ್ಷರಕ್ಕಿಂತ ಮೊದ್ಲು, ಹಾಗಾಗಿ ಮಗು ಗಲಿಬಿಲಿ ಆಗೋದು ಸಹಜ. ದಿನಕ್ಕೆ ಐದು ಪದ ಉಕ್ತಲೇಖನ ಕೊಡಿ ಸಾಕು, ಐವತ್ತು ಬೇಡ. ನೀವು ಟೈಲರಿಂಗ್ ಮಾಡ್ತೀರಲ್ಲ, ಬಟ್ಟೆ, ಕತ್ತರಿ, ಗುಂಡಿ, ಅಳತೆ, ಯಾರದ್ದು, ಎಷ್ಟಾಯ್ತು ಅಂತ ಗಿರಾಕಿ ಚೀಟಿ ಅವಳ ಕೈಲೇ ಬರೆಸಿ. ಅದಕ್ಕಿಂತ ಒಳ್ಳೆ ಕಾಪಿ ರೈಟಿಂಗ್ ಇಲ್ಲ.

ವಿಜಯನಗರ ಅಪ್ಪ

ನಮ್ಮ ಮಗ ಈಗಷ್ಟೇ ಮೂರನೇ ಕ್ಲಾಸ್ ಮುಗಿಸಿದ, ಬೆಂಗಳೂರು, ಸಿಬಿಎಸ್ಇ. ಮೇಷ್ಟ್ರು ಓದಿನ ಬಗ್ಗೆ ಹೇಳಿದ್ದಕ್ಕೆ ನಂದೇನೂ ಸೇರ್ಸೋದಿಲ್ಲ, ಪಾಠ ಬಿಟ್ಟು ಬೇರೆ ಕಡೆ ಏನು ಬದಲಾಗುತ್ತೆ ಅಂತ ಹೇಳ್ತೀನಿ, ಯಾಕಂದ್ರೆ ಮೊದಲ ಎರಡು ತಿಂಗಳು ಮಕ್ಕಳು ಸುಸ್ತಾಗೋದು ಅದ್ರಿಂದ್ಲೇ.

ಎರಡನೇ ಕ್ಲಾಸ್ ತನಕ ಒಬ್ಬರೇ ಮಿಸ್ಸು, ಅವ್ರಿಗೆ ಮಗು ಯಾವಾಗ ಅಳುತ್ತೆ, ಯಾವಾಗ ಟಾಯ್ಲೆಟ್‌ಗೆ ಹೋಗುತ್ತೆ ಅಂತಾನೂ ಗೊತ್ತಿರುತ್ತೆ. ಮೂರರಲ್ಲಿ ಪೀರಿಯಡ್ಡಿಗೊಬ್ರು ಬರ್ತಾರೆ. ಟೈಮ್ ಟೇಬಲ್ ನೋಡಿ ರಾತ್ರಿನೇ ಬ್ಯಾಗ್ ಜೋಡಿಸ್ಕೊಳ್ಳೋದು, ಡೈರಿ ಬರ್ಕೊಳ್ಳೋದು, ಪೆನ್ಸಿಲ್ ಕೆತ್ತಿಟ್ಕೊಳ್ಳೋದು, ಟಿಫನ್ ಬಾಕ್ಸ್ ಮುಚ್ಚಳ ತಾನೇ ತೆಗೆಯೋದು, ಅರ್ಥ ಆಗ್ಲಿಲ್ಲ ಅಂದ್ರೆ ಕೈ ಎತ್ತಿ ಕೇಳೋದು, ಇವು ಬಂದ್ರೆ ಅರ್ಧ ಟೆನ್ಷನ್ ಕಮ್ಮಿ. ರಜೇಲಿ ತೀರ್ಥಹಳ್ಳಿಗೆ ಹೋಗುವಾಗ ಅವಳ ಬ್ಯಾಗ್ ಅವಳೇ ಪ್ಯಾಕ್ ಮಾಡ್ಲಿ, ಏನಾದ್ರೂ ಮರೆತ್ರೆ ಮರೀಲಿ, ಮುಂದಿನ ಸಲ ನೆನಪಿಟ್ಕೊಳ್ತಾಳೆ.

ಬೋರ್ಡ್ ನೋಡಿ ಬರೆಯೋದು ಅಂದ್ರಲ್ಲ, ಅದಕ್ಕೆ ಮುಂಚೆ ಒಂದು ಸಲ ಕಣ್ಣು ಟೆಸ್ಟ್ ಮಾಡ್ಸಿ. ಈ ವಯಸ್ಸಲ್ಲಿ ದೂರದ್ದು ಮಸುಕಾಗಿ ಕಾಣಕ್ಕೆ ಶುರುವಾದ್ರೂ ಮಕ್ಕಳು ಹೇಳಲ್ಲ, ಎಲ್ರಿಗೂ ಹಂಗೇ ಕಾಣುತ್ತೆ ಅಂದ್ಕೊಂಡಿರ್ತಾರೆ. ಪಕ್ಕದವ್ರ ಪುಸ್ತಕ ನೋಡಿ ಬರೆಯೋದು, ಕಣ್ಣು ಕಿರಿದು ಮಾಡೋದು, ಟಿವಿ ಹತ್ರ ಹೋಗಿ ನಿಲ್ಲೋದು ಇದ್ರೆ ತಡ ಮಾಡ್ಬೇಡಿ. ಇನ್ನೊಂದು, ಬಯಲಲ್ಲಿ ಹಗಲು ಬೆಳಕಲ್ಲಿ ಆಡೋ ಮಕ್ಕಳಿಗೆ ಈ ಸಮೀಪದೃಷ್ಟಿ ಬರೋದು ಕಮ್ಮಿ ಅಂತ ಡಾಕ್ಟರುಗಳೂ ಹೇಳ್ತಾರೆ, ಹಾಗಾಗಿ ನಿಮ್ಮತ್ತೆ ಹೇಳಿದ್ದು ಸರೀನೇ ಇದೆ, ಆಡಕ್ಕೆ ಕಳ್ಸಿ. ನಿದ್ದೆನೂ ಅಷ್ಟೇ, 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9 ಗಂಟೆ ನಿದ್ದೆಗಿಂತ ಕಮ್ಮಿ ಆಗ್ಬಾರ್ದು. ರಜೇಲಿ ಹನ್ನೊಂದಕ್ಕೆ ಮಲಗಿ ಅಭ್ಯಾಸ ಆಗಿರುತ್ತೆ, ಸ್ಕೂಲ್ ಶುರುವಾಗೋಕೆ ಎರಡು ವಾರ ಮುಂಚಿಂದ ಸ್ವಲ್ಪ ಸ್ವಲ್ಪ ಹಿಂದಕ್ಕೆ ತನ್ನಿ.

ಹೋಂವರ್ಕ್ ಬಗ್ಗೆ ಒಂದು ವಿಷ್ಯ ತಿಳ್ಕೊಂಡಿರಿ. 2020ರಲ್ಲಿ ಕೇಂದ್ರ ಶಿಕ್ಷಣ ಇಲಾಖೆ ತಂದ ಸ್ಕೂಲ್ ಬ್ಯಾಗ್ ಪಾಲಿಸೀಲಿ ಎರಡನೇ ಕ್ಲಾಸ್ ತನಕ ಹೋಂವರ್ಕೇ ಬೇಡ, ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚು ಅಂದ್ರೆ 2 ಗಂಟೆ ಅಂತ ಇದೆ, ಬ್ಯಾಗ್ ತೂಕ ಮಗುವಿನ ತೂಕದ ಶೇಕಡಾ 10ರ ಒಳಗೆ. ಅಂದ್ರೆ 25 ಕೆಜಿ ಮಗುವಿಗೆ ಎರಡೂವರೆ ಕೆಜಿ. ನಮ್ಮಲ್ಲಿ ಎಷ್ಟೋ ಸ್ಕೂಲಲ್ಲಿ ಇದು ನಡೀತಿಲ್ಲ ಅನ್ನೋದು ಎಲ್ರಿಗೂ ಗೊತ್ತಿರೋದೇ, ಆದ್ರೂ ಪೇರೆಂಟ್ಸ್ ಮೀಟಿಂಗಲ್ಲಿ ನಾಲ್ಕು ಜನ ಸೇರಿ ಮರ್ಯಾದೆಯಿಂದ ಕೇಳಿದ್ರೆ ಲಾಕರ್ ಕೊಡೋದೋ, ಬುಕ್ಸ್ ಸ್ಕೂಲಲ್ಲೇ ಇಟ್ಕೊಳ್ಳೋದೋ ಏನಾದ್ರೂ ಆಗುತ್ತೆ. ಇದನ್ನ ಕೇಳ್ಬೇಕು ರೀ, ಮಕ್ಕಳ ಬೆನ್ನು ಅದು.

ಸಿಬಿಎಸ್ಇ ಅವ್ರು ಯಾರಾದ್ರೂ ಇದನ್ನ ಓದ್ತಿದ್ರೆ, ಎನ್‌ಸಿಇಆರ್‌ಟಿ ಮೂರನೇ ಕ್ಲಾಸ್ ಪುಸ್ತಕ 2024ರಲ್ಲಿ ಪೂರ್ತಿ ಬದಲಾಗಿದೆ, ಅಣ್ಣನ ಹಳೇ ಪುಸ್ತಕ ತಮ್ಮನಿಗೆ ಅಂತ ಎತ್ತಿಟ್ಟಿದ್ರೆ ಉಪಯೋಗ ಇಲ್ಲ. ಹೊಸ ಶಿಕ್ಷಣ ನೀತೀಲೂ ಎರಡನೇ ಕ್ಲಾಸಿಗೆ ಒಂದು ಹಂತ ಮುಗಿದು ಮೂರರಿಂದ ಐದು ಇನ್ನೊಂದು ಹಂತ.

ಧಾರವಾಡದಾಕಿ

ಅಕ್ಕಾರ ನಮಸ್ಕಾರ್ರಿ. ನಾ ಮನ್ಯಾಗ ಸಣ್ಣ ಹುಡುಗರಿಗೆ ಲೆಕ್ಕಾ ಹೇಳಿಕೊಡ್ತೀನ್ರಿ, ಅದಕ್ಕ ಲೆಕ್ಕದ್ದಷ್ಟ ಹೇಳ್ತೀನಿ.

ಕಳಿಯೋದರಾಗ ಕಡ ತಗೊಳ್ಳೋದು ತಪ್ಪತದ ಅಂದ್ರ ಅದು ಕಳಿಯೋದರ ತೊಂದ್ರಿ ಅಲ್ರಿ, ಬಿಡಿ, ಹತ್ತು, ನೂರು ಅನ್ನೋದು ಕೈಗೆ ಹತ್ತಿಲ್ಲ ಅಂತ ಅರ್ಥ. ವಹಿ ಪೆನ್ಸಿಲ್ ಬಾಜೂಕ ಇಡ್ರಿ. ರೊಕ್ಕ ತಗೋರಿ, ಖರೇ ರೊಕ್ಕ ಬ್ಯಾಡಾದ್ರ ಹಾಳಿ ಹರದು ನೂರು, ಹತ್ತು, ಒಂದು ಅಂತ ಬರದು ನೋಟು ಮಾಡ್ರಿ. ಆಕಿ ಕೈಯಾಗ 402 ರೂಪಾಯಿ ಕೊಡ್ರಿ, ನಾಕು ನೂರರವು, ಎರಡು ಒಂದರವು. ಈಗ ನನಗ 178 ರೂಪಾಯಿ ಕೊಡು ಅನ್ರಿ. ಎಂಟು ಒಂದರವು ಇಲ್ಲ, ಹತ್ತರದೂ ಇಲ್ಲ. ಏನ ಮಾಡ್ತಾಳ ನೋಡ್ರಿ, ಸ್ವಲ್ಪ ಹೊತ್ತು ಸುಮ್ನ ಇರ್ರಿ, ಹೇಳಿಕೊಡಬ್ಯಾಡ್ರಿ. ಆಕಿನ ಒಂದು ನೂರರ ನೋಟು ಚಿಲ್ಲರ ಮಾಡ್ಸು ಅಂತಾಳ. ಹತ್ತು ಹತ್ತರವು ಬರ್ತಾವ, ಅದರಾಗ ಒಂದನ್ನ ಮತ್ತ ಹತ್ತು ಒಂದರವು ಮಾಡಿದ್ರ ಈಗ ಮೂರು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿ. ಅದರಾಗ 178 ಕೊಟ್ಟು ಕೈಯಾಗ ಉಳಿಯೋದು 224. ಇದನ್ನ ನಾಕೈದು ದಿನಾ ಆಡಿಸಿದ ಮ್ಯಾಲೆ ವಹಿಯೊಳಗ ಬರಸ್ರಿ, ಅಲ್ಲಿ ಸೊನ್ನಿ ಮ್ಯಾಲೆ ಒಂಬತ್ತು ಯಾಕ ಬರಿತೀವಿ ಅನ್ನೋದು ಆಕಿಗೇ ತಿಳೀತದ. ನಿಪುಣ್ ಭಾರತ್‌ದಾಗ ಮೂರನೇತ್ತೆ ಮುಗಿಯೋದ್ರಾಗ 9999ರ ತನಕ ಸಂಖ್ಯೆ ಓದಿ ಬರಿಯಾಕ ಬರಬೇಕು ಅಂತ ಅದ. ನೂರರ ಮನಿ ಗಟ್ಟಿ ಇದ್ರ ಸಾವಿರ ಭಾಳ ಜಡ ಆಗಂಗಿಲ್ರಿ.

ಮಗ್ಗಿ. ಇದರ ಬಗ್ಗೆ ಹುಡುಗರಿಗೆ ಸುಮ್ಮನ ಅಂಜಿಕಿ ಹಾಕ್ತೀವಿ. ಎರಡು, ಐದು, ಹತ್ತರ ಮಗ್ಗಿ ಮೊದಲ ಮಾಡಸ್ರಿ, ಅದು ಗಡಿಯಾರ ನೋಡಾಕೂ ಬೇಕು, ರೊಕ್ಕಾ ಎಣಸಾಕೂ ಬೇಕು. ಆರೇಳಲೆ ಅಂದ್ರೂ ಏಳಾರಲೆ ಅಂದ್ರೂ ನಲವತ್ತೆರಡು, ಇದೊಂದು ತಿಳದ್ರ ಹತ್ತರ ತನಕದ ಮಗ್ಗಿಯೊಳಗ ಹೊಸದಾಗಿ ನೆನಪಿಡೋದು ಬರೇ 21 ಉಳೀತಾವ. ಮೂರು, ನಾಕು, ಆರು, ಏಳು, ಎಂಟು, ಒಂಬತ್ತು ಇವು ತಮ್ಮ ತಮ್ಮೊಳಗ ಗುಣಿಸಿಕೊಂಡಿದ್ದು ಅಷ್ಟ. ಬೇಕಂದ್ರ ಕುಂತು ಎಣಸ್ರಿ. ವಾರಕ್ಕ ಮೂರು ಕಲತ್ರೂ ರಜಾ ಮತ್ತ ಮೊದಲನೇ ಟೆಸ್ಟ್ ಬರೋದ್ರಾಗ ಮುಗೀತದ. ಬರೇ ಹಾಡಿದಂಗ ಹೇಳಸಬ್ಯಾಡ್ರಿ, ನಡುವ ನಿಂದರಿಸಿ ಕೇಳ್ರಿ, ಇಲ್ಲಾಂದ್ರ ಏಳೆಂಟಲೆ ಎಷ್ಟು ಅಂದ್ರ ಏಳೊಂದಲೆಯಿಂದ ಸುರು ಮಾಡ್ತಾರ.

ಇನ್ನ ಸ್ಟೇಟ್‌ಮೆಂಟ್ ಲೆಕ್ಕ. "ಪ್ಲಸ್ಸಾ ಮೈನಸ್ಸಾ" ಅಂತ ಎಲ್ಲಾ ಹುಡುಗರೂ ಕೇಳ್ತಾರ್ರಿ. ಯಾಕಂದ್ರ ಅವರಿಗೆ ನಾವ "ಒಟ್ಟು ಅಂದ್ರ ಕೂಡಸು, ಉಳಿದಿದ್ದು ಅಂದ್ರ ಕಳಿ" ಅಂತ ಉಪಾಯ ಹೇಳಿಕೊಟ್ಟಿರ್ತೀವಿ, ಅದು ಎರಡನೇತ್ತೆ ತನಕ ನಡೀತದ, ಮುಂದ ಕೈ ಕೊಡ್ತದ. "ರಾಜೂ ಹಂತ್ಯಾಕ ಒಟ್ಟು 50 ಗೋಲಿ ಅದಾವ, ಅದರಾಗ 32 ಕೆಂಪು, ಉಳದದ್ದು ಹಸರು" ಅಂದ್ರ ಒಟ್ಟು ಅನ್ನೋ ಶಬ್ದ ನೋಡಿ ಕೂಡಿಸಿಬಿಡ್ತಾರ. ಅದಕ್ಕ ನಾ ಮೊದಲು ಅಂಕಿ ತಗದು ಬರೇ ಕಥಿ ಹೇಳಸ್ತೀನಿ. ರಾಜೂ ಹಂತ್ಯಾಕ ಗೋಲಿ ಇದ್ವು, ಸ್ವಲ್ಪ ಕೆಂಪು, ಸ್ವಲ್ಪ ಹಸರು, ಹಸರು ಎಷ್ಟು ಅಂತ ಕೇಳ್ಯಾರ. ಆಮ್ಯಾಲೆ ಉತ್ತರ 50ಕ್ಕಿಂತ ಜಾಸ್ತಿ ಇರತದೇನು ಕಮ್ಮಿ ಇರತದೇನು ಅಂತ ಕೇಳ್ರಿ. ಇಷ್ಟು ಹೇಳಿದ್ಲು ಅಂದ್ರ ಲೆಕ್ಕ ಮುಗದಂಗ. ನಿಮ್ಮ ಆಕಿದು ಓದಿ ತಿಳಕೊಳ್ಳೋ ತೊಂದ್ರೀನೂ ಇದೂ ಒಂದ ಅಂತ ನನಗನಸ್ತದ, ಮೇಷ್ಟ್ರು ಹೇಳಿದ್ದು ಮಾಡ್ಕೋತ ಹೋದ್ರ ಇದೂ ಸುಧಾರಸ್ತದ. ಮತ್ತ ತೀರ್ಥಹಳ್ಳಿಯೊಳಗ ಅಜ್ಜಿ ಜೋಡಿ ಚೌಕಾಬಾರ, ಅಳಗುಳಿಮನಿ ಆಡ್ಲಿ, ಅದರಾಗ ಎಣಿಸೋದು ಅದ, ಮುಂದಿಂದು ವಿಚಾರ ಮಾಡೋದೂ ಅದ.

ಕಾವೇರಿ ಸೀಮೆ

ಎಲ್ಲಾ ಸರಿ, ಆದ್ರೆ ಈಗಿನ ಕಾಲದಲ್ಲಿ ಮೂರನೇ ಕ್ಲಾಸಿಂದ್ಲೇ ಕೋಚಿಂಗ್ ಕೊಡ್ಸದೆ ಇದ್ರೆ ನವೋದಯ, ಸೈನಿಕ್ ಶಾಲೆ ಸೀಟು ಸಿಕ್ಕಲ್ಲ ಅಂತಾರಲ್ಲ? ನಮ್ಮ ಮಂಡ್ಯ ಕಡೆ ಮೂರನೇ ಕ್ಲಾಸ್ ಮಕ್ಕಳಿಗೇ ಬ್ಯಾಚ್ ಮಾಡವ್ರೆ. ನಮ್ಮ ಹುಡುಗಾನೂ ಈ ವರ್ಷ ಮೂರಕ್ಕೆ ಬತ್ತಾನೆ. ಹಿಂದೆ ಬಿದ್ಬುಟ್ರೆ ಅಂತ ಭಯ ಆಯ್ತದೆ. ಏನ್ ಮಾಡದು ಹೇಳಿ ಮೇಷ್ಟ್ರೇ.

ನಲಿಕಲಿ ಮೇಷ್ಟ್ರು

ಅಣ್ಣಾ, ಭಯ ಪಡ್ಬೇಡಿ. ನವೋದಯದ ಆರನೇ ತರಗತಿ ಪ್ರವೇಶ ಪರೀಕ್ಷೆ ಬರೆಯೋದು ಮಗು ಐದನೇ ಕ್ಲಾಸಲ್ಲಿ ಓದ್ತಿರುವಾಗ, ಸೈನಿಕ್ ಶಾಲೆಗೂ ಆರನೇ ಕ್ಲಾಸಿಗೆ ಸೇರೋಕೆ ಪರೀಕ್ಷೆ. ನವೋದಯ ಪೇಪರಲ್ಲಿ ಇರೋದು ಮಾನಸಿಕ ಸಾಮರ್ಥ್ಯ, ಅಂಕಗಣಿತ, ಭಾಷೆ ಈ ಮೂರೇ, ಭಾಷೆಯ ಭಾಗ ಅಂದ್ರೆ ಪ್ಯಾರಾ ಓದಿ ಉತ್ತರಿಸೋದು. ಕನ್ನಡದಲ್ಲೇ ಬರೀಬೋದು. ಅಂದ್ಮೇಲೆ ನಿಮ್ಮ ಹುಡುಗ ಈಗ ಅರ್ಥ ಮಾಡ್ಕೊಂಡು ಓದೋದು, ನಾಲ್ಕು ಲೆಕ್ಕದ ಕ್ರಿಯೆ ಗಟ್ಟಿ ಮಾಡ್ಕೊಂಡ್ರೆ ಅದೇ ಆ ಪರೀಕ್ಷೆಗೆ ತಯಾರಿ. ಎಂಟು ವರ್ಷದ ಮಗುವಿಗೆ ಓಎಂಆರ್ ಶೀಟ್, ಅಂದ್ರೆ ಸರಿ ಉತ್ತರದ ಗೋಲಕ್ಕೆ ಬಣ್ಣ ತುಂಬೋ ಹಾಳೆ, ಅದನ್ನ ತುಂಬೋ ಪ್ರಾಕ್ಟೀಸ್ ಬೇಕಾಗಿಲ್ಲ, ಐದನೇ ಕ್ಲಾಸಿಗೆ ಬಂದಾಗ ಹಳೇ ಪ್ರಶ್ನೆಪತ್ರಿಕೆ ಮಾಡಿಸಿ. ಟ್ಯೂಷನ್ ದುಡ್ಡಲ್ಲಿ ಪುಸ್ತಕ ಕೊಡ್ಸಿ ಅಣ್ಣ. ಅದೂ ಬೇಡ ಅಂದ್ರೆ ನಿಮ್ಮ ಗ್ರಾಮ ಪಂಚಾಯ್ತಿ ಲೈಬ್ರರಿಗೆ ಕರ್ಕೊಂಡು ಹೋಗಿ, 2020ರಲ್ಲಿ ಓದುವ ಬೆಳಕು ಕಾರ್ಯಕ್ರಮ ಶುರುವಾದಾಗಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಮೆಂಬರ್‌ಶಿಪ್ ಫ್ರೀ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಬೋರ್ಡ್ ಹಾಕಿರ್ತಾರೆ.

ಮೈಸೂರು ಟೀಚರ್

ಇಷ್ಟೊತ್ತು ಎಲ್ಲಾ ಓದ್ದೆ, ಒಂದು ವಿಷಯ ಯಾರೂ ಹೇಳಿಲ್ಲ ಅದಕ್ಕೆ ಬರೀತಿದೀನಿ. ನಾನು ವಿಶೇಷ ಶಿಕ್ಷಕಿ, ಕಲಿಕಾ ನ್ಯೂನತೆ, ಅಂದ್ರೆ ಬುದ್ಧಿಗೇನೂ ತೊಂದ್ರೆ ಇಲ್ದಿದ್ರೂ ಓದು, ಬರಹ, ಲೆಕ್ಕ ಕಲಿಯೋದು ಕಷ್ಟ ಆಗೋದು, ಅದು ಇರೋ ಮಕ್ಕಳ ಜೊತೆ ಕೆಲಸ ಮಾಡ್ತೀನಿ. ಶಿವಮೊಗ್ಗದ ಅಮ್ಮನಿಗೆ ಗಾಬರಿ ಮಾಡೋ ಉದ್ದೇಶ ಖಂಡಿತ ಇಲ್ಲ, ನೀವು ಹೇಳಿದ್ದು ಕೇಳಿದ್ರೆ ನಿಮ್ಮ ಮಗಳದ್ದು ಅಭ್ಯಾಸದ ಕೊರತೆ ಇದ್ದ ಹಾಗಿದೆ ಅಷ್ಟೇ. ಆದ್ರೆ ಇದನ್ನ ಓದೋ ಬೇರೆ ಅಪ್ಪ ಅಮ್ಮಂದಿರಿಗೆ ಬೇಕಾಗ್ಬೋದು.

ದಿನಾ ಕೂರಿಸಿ ಓದಿಸಿದ್ರೂ ಅದೇ ಪದ ಅದೇ ಪುಟದಲ್ಲೇ ಮತ್ತೆ ಹೊಸದು ಅನ್ನೋ ಹಾಗೆ ತಡವರಿಸೋದು, ಬಾಯಲ್ಲಿ ಎಲ್ಲಾ ಚೆನ್ನಾಗಿ ಹೇಳಿ ಬರೆಯೋಕೆ ಕೂತ್ರೆ ಎರಡು ಸಾಲು ಬರದೇ ಇರೋದು, ಸಾಲು ಬಿಟ್ಟು ಸಾಲು ಓದೋದು, ಕಾಗುಣಿತದ ಗುರುತುಗಳನ್ನ ಎರಡು ವರ್ಷ ಆದ್ಮೇಲೂ ಅದಲು ಬದಲು ಮಾಡೋದು, ಸ್ಕೂಲ್ ಅಂದ್ರೆ ಬೆಳಿಗ್ಗೆ ಹೊಟ್ಟೆನೋವು ಬರೋದು, ಇವು ಒಟ್ಟೊಟ್ಟಿಗೆ ಕಂಡ್ರೆ ಸೋಮಾರಿ ಅಂತ ಹೊಡೀಬೇಡಿ ದಯವಿಟ್ಟು. ಕಣ್ಣು, ಕಿವಿ ಟೆಸ್ಟ್ ಮೊದ್ಲು ಮಾಡ್ಸಿ. ಅದ್ರಲ್ಲಿ ತೊಂದ್ರೆ ಇಲ್ಲ ಅಂದ್ರೆ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡ್ಸೋದು ಒಳ್ಳೇದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಇದೂ ಒಂದು. 2018ರ ಕೇಂದ್ರದ ಮಾರ್ಗಸೂಚೀಲಿ ಶಾಲೆಯವ್ರು ಮೂರನೇ ತರಗತೀಲಿ ಅಥವಾ ಎಂಟು ವರ್ಷಕ್ಕೆ, ಯಾವುದು ಮೊದ್ಲು ಬರುತ್ತೋ ಆಗ, ಮಕ್ಕಳ ಸ್ಕ್ರೀನಿಂಗ್ ಮಾಡ್ಬೇಕು ಅಂತಾನೇ ಇದೆ. ಸ್ಕೂಲಲ್ಲಿ ಕೇಳಿ, ಇದು ನಿಮ್ಮ ಹಕ್ಕು. ನಮ್ಮ ಮೈಸೂರಲ್ಲಿ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಲ್ಲಿ ನಿಮ್ಹಾನ್ಸ್, ಎರಡೂ ಸರ್ಕಾರಿ ಸಂಸ್ಥೆಗಳೇ, ಈ ಪರೀಕ್ಷೆ ಮಾಡ್ತಾರೆ. ಈಗ ಗೊತ್ತಾದ್ರೆ ಆ ಮಗುವಿಗೆ ಬೇರೆ ರೀತೀಲಿ ಹೇಳ್ಕೊಡಕ್ಕೆ ಸಮಯ ಇರುತ್ತೆ. ಏಳನೇ ಕ್ಲಾಸಲ್ಲಿ ಗೊತ್ತಾದ ಮಕ್ಕಳು ನನ್ನ ಹತ್ರ ಬರೋಷ್ಟ್ರಲ್ಲಿ "ನಂಗೆ ತಲೆ ಇಲ್ಲ ಮಿಸ್" ಅಂತ ತಾವೇ ನಂಬಿರ್ತಾರೆ, ಅದನ್ನ ತೆಗೆಯೋದು ಓದು ಕಲಿಸೋದಕ್ಕಿಂತ ಕಷ್ಟ.

ಶಿವಮೊಗ್ಗ ಅಮ್ಮ

ಇಷ್ಟೊಂದು ಜನ ಇಷ್ಟು ಟೈಮ್ ಕೊಟ್ಟು ಬರೆದಿದೀರ, ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಮೇಷ್ಟ್ರು ಹೇಳಿದ ಹಾಗೆ ಹೊಸ ಕಥೆ ಒಂದು ಕೊಟ್ಟು ನೋಡ್ದೆ. ಅವಳು ಇಂಗ್ಲಿಷ್‌ನಲ್ಲಿ ಓದ್ದಾಗ ಏನೂ ಹೇಳ್ಲಿಲ್ಲ, ನಾನು ಓದಿ ಹೇಳ್ದಾಗ್ಲೂ ಹೇಳ್ಲಿಲ್ಲ. ಅದೇ ಕಥೆ ಕನ್ನಡದಲ್ಲಿ ಹೇಳಿದ್ರೆ ಯಾಕೆ ಅನ್ನೋದನ್ನೂ ಸೇರ್ಸಿ ಎಲ್ಲಾ ಹೇಳಿದ್ಲು, ನಾನು ಕೇಳದೇ ಇರೋದೂ ಹೇಳಿದ್ಲು! ಅಂದ್ರೆ ಇಂಗ್ಲಿಷ್ ಪದಗಳೇ ಗೊತ್ತಿಲ್ಲ ಅಂತ ಆಯ್ತಲ್ವಾ. ನಂಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಸ್ಕೂಲಲ್ಲಿ ಮನೇಲಿ ಇಂಗ್ಲಿಷಲ್ಲೇ ಮಾತಾಡಿ ಅಂತಾರೆ. ಈಗ ಆ ಒಂದು ಗಂಟೇನ ಕನ್ನಡಕ್ಕೆ ಕೊಡ್ಲಾ ಇಂಗ್ಲಿಷ್‌ಗೆ ಕೊಡ್ಲಾ? ಮತ್ತೆ ಪುಸ್ತಕ ಎಲ್ಲಿ ಸಿಗುತ್ತೆ, ಒಂದೊಂದು ಮಕ್ಕಳ ಪುಸ್ತಕಾನೂ ಸಿಕ್ಕಾಪಟ್ಟೆ ರೇಟು.

ನಲಿಕಲಿ ಮೇಷ್ಟ್ರು

ತುಂಬಾ ಚೆನ್ನಾಗಿ ನೋಡ್ಕೊಂಡಿದೀರ ಮೇಡಂ, ಇದು ಗೊತ್ತಾಗಿದ್ದೇ ದೊಡ್ಡದು. ಮನೇಲಿ ಕನ್ನಡದಲ್ಲೇ ಮಾತಾಡಿ. ನಿಮಗೆ ಚೆನ್ನಾಗಿ ಬರೋ ಭಾಷೇಲಿ ನೀವು ಯಾಕೆ, ಹೇಗೆ, ಒಂದು ವೇಳೆ ಹಿಂಗಾಗಿದ್ರೆ ಅಂತೆಲ್ಲಾ ಮಾತಾಡಕ್ಕಾಗುತ್ತೆ, ಅರೆಬರೆ ಇಂಗ್ಲಿಷಲ್ಲಿ ಕಮ್, ಗೋ, ಈಟ್ ಅಷ್ಟಕ್ಕೇ ನಿಲ್ಲುತ್ತೆ. ಯೋಚ್ನೆ ಮಾಡೋದನ್ನ ಒಂದು ಭಾಷೇಲಿ ಕಲಿತ ಮಗು ಇನ್ನೊಂದು ಭಾಷೆಗೆ ಪದ ಸಿಕ್ಕಿದ ಹಾಗೆ ಅದನ್ನ ತಗೊಂಡು ಹೋಗುತ್ತೆ.

ಒಂದು ಗಂಟೇನ ಹೀಗೆ ಮಾಡಿ ನೋಡಿ. ಬೆಳಿಗ್ಗೆ ಬಿಸಿಲೇರೋಕೆ ಮುಂಚೆ ಕನ್ನಡ ಕಥೆ ಒಂದು, ಅವಳು ಜೋರಾಗಿ ಓದ್ಲಿ ನೀವು ಹೊಲಿಗೆ ಹಾಕ್ತಾನೇ ಕೇಳ್ಬೋದು, ಆಮೇಲೆ ನಾಲ್ಕು ಮಾತು. ಅದೇ ಕಥೆಯ ಇಂಗ್ಲಿಷ್ ಪುಸ್ತಕ ಆಮೇಲೆ ಕೊಡಿ. ಕಥೆ ಗೊತ್ತಿರೋದ್ರಿಂದ ಪದದ ಅರ್ಥ ತಾನೇ ಊಹಿಸ್ತಾಳೆ, ಡಿಕ್ಷನರಿ ಬೇಡ. ಉಳಿದ ಟೈಮು ಧಾರವಾಡದ ಅಕ್ಕ ಹೇಳಿದ ನೋಟಿನ ಆಟ. ವಾರಕ್ಕೆ ಒಂದೆರಡು ದಿನ ಬಿಟ್ಟುಹೋದ್ರೆ ಹೋಗ್ಲಿ. ತೀರ್ಥಹಳ್ಳೀಲಿ ಇರೋವಾಗ ಪುಸ್ತಕ ಪೂರ್ತಿ ಬಿಟ್ರೂ ಪರವಾಗಿಲ್ಲ, ಅಜ್ಜಿ ಹತ್ರ ಕಥೆ ಕೇಳ್ಲಿ, ಅಲ್ಲಿ ಕಂಡ ಹಕ್ಕಿ, ಮರ, ಮೀನು, ಹೊಳೆ ಬಗ್ಗೆ ದಿನಕ್ಕೆ ಮೂರು ಸಾಲು ಬರೀಲಿ. ಮೂರನೇ ಕ್ಲಾಸಿನ ಪರಿಸರ ಅಧ್ಯಯನದಲ್ಲಿ ಗಿಡ, ಪ್ರಾಣಿ, ನೀರು, ಆಹಾರ, ಮನೆ, ಕುಟುಂಬ ಇವೇ ಬರೋದು.

ಎರಡು ಭಾಷೇಲೂ ಅದೇ ಕಥೆ ಬೇಕು ಅಂದ್ರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ನೋಡಿ, ಮೊಬೈಲಲ್ಲೇ ಫ್ರೀ ಆಗಿ ಸಿಗುತ್ತೆ, ಕನ್ನಡ, ಇಂಗ್ಲಿಷ್ ಎರಡೂ ಇದೆ, ಒಂದರಿಂದ ನಾಲ್ಕು ಲೆವೆಲ್ ಅಂತ ಗುರುತು ಹಾಕಿರ್ತಾರೆ. ಲೆವೆಲ್ ಎರಡರಿಂದ ಶುರು ಮಾಡಿ, ಸಲೀಸಾದ್ರೆ ಮೂರು. ಮೊಬೈಲಲ್ಲಿ ಓದೋದು ಬೇಡ ಅನ್ಸಿದ್ರೆ ಶಿವಮೊಗ್ಗದ ಜಿಲ್ಲಾ ಗ್ರಂಥಾಲಯಕ್ಕೆ ಒಂದು ಸಲ ಅವಳನ್ನ ಕರ್ಕೊಂಡು ಹೋಗಿ, ಮಕ್ಕಳ ಪುಸ್ತಕ ಕೇಳಿ, ಅವಳೇ ಆರಿಸ್ಕೊಳ್ಳಿ. ಸ್ಟೇಟ್ ಸಿಲಬಸ್ ಪಠ್ಯಪುಸ್ತಕ ಎಲ್ಲಾ ಕರ್ನಾಟಕ ಪಠ್ಯಪುಸ್ತಕ ಸಂಘದ ಸೈಟಲ್ಲಿ ಪಿಡಿಎಫ್ ಸಿಗುತ್ತೆ. ಎರಡನೇ ಕ್ಲಾಸಿನ ಕನ್ನಡ ಪುಸ್ತಕ ಇನ್ನೊಂದು ಸಲ ಮೊದಲಿಂದ ಓದಿಸ್ಬೇಕು ಅನ್ಸಿದ್ರೆ ಅದ್ರಲ್ಲೇ ನೋಡ್ಕೊಳ್ಳಿ, ದುಡ್ಡು ಕೊಟ್ಟು ತರೋದು ಬೇಡ.

ಧಾರವಾಡದಾಕಿ

ಅಕ್ಕಾರ, ಒಂದ ಮಾತು ಬಿಟ್ಟಿದ್ದೆ. ಗಡಿಯಾರ ನೋಡೋದನ್ನ ಈ ರಜಾದಾಗ ಕಲಿಸಿಬಿಡ್ರಿ, ಮುಳ್ಳಿನ ಗಡಿಯಾರ, ಮೊಬೈಲ್‌ದಲ್ಲ. ಐದರ ಮಗ್ಗಿ ಬಂದಿದ್ರ ಸಸಾರ. ಅಂಗಿ ಕೊಡೋ ಟೈಮು ಎಷ್ಟು, ಇನ್ನ ಎಷ್ಟು ಹೊತ್ತದ ಅಂತ ಆಕೀನ ಕೇಳ್ಕೋತ ಇರ್ರಿ. ಅಳತಿ ಟೇಪ್ ಅಂತೂ ನಿಮ್ಮ ಕೈಯಾಗ ಅದ, ಸೆಂಟಿಮೀಟರು, ಮೀಟರು ಅದರಾಗ ತೋರಸ್ರಿ. ಮತ್ತ ಆಕಿ ಹೆಂಗ ಮಾಡಿದ್ಲು ಅಂತ ದಸರಾ ಸೂಟಿಯೊಳಗ ಇಲ್ಲೇ ಬರೀರಿ, ನಾವೆಲ್ಲಾ ಕಾಯ್ತಿರ್ತೀವಿ.